ಇಪ್ಪತ್ತಾರು ಕಿಲೋಮೀಟರ್ ಆಳದ ಬಾವಿ

ತುಳಸಿಗೆ ನೀರು ಹಾಕಿ ಚೊಂಬು ಕೆಳಗಿಡುವಷ್ಟರಲ್ಲಿ ಗೋಡೆಯ ಆಚೆಯಿಂದ ಮಾಮಿ ಕೂಗಿದರು. "ಮೇಷ್ಟ್ರೇ, ಸ್ವಲ್ಪ ಬನ್ನಿ ಇಲ್ಲಿ. ನಮ್ಮ ಹುಡುಗ ನಿನ್ನೆ ರಾತ್ರಿಯಿಂದ ಒಂದೇ ಲೆಕ್ಕದ ಮುಂದೆ ಕೂತಿದಾನೆ. ಊಟಕ್ಕೆ ಕರೆದರೂ ಪುಸ್ತಕ ತಂದು ತಟ್ಟೆ ಪಕ್ಕದಲ್ಲೇ ಇಟ್ಕೊಂಡ."

ಮೈಲಾಪೂರಿನ ನಮ್ಮ ಬೀದಿಯಲ್ಲಿ ಹಿತ್ತಲು, ಬಾವಿ, ಎದೆಮಟ್ಟದ ಕಾಂಪೌಂಡ್ ಗೋಡೆ ಇರುವ ಮನೆಗಳು ಈಗ ನಾಲ್ಕೋ ಐದೋ. ಮಿಕ್ಕವೆಲ್ಲ ಫ್ಲ್ಯಾಟುಗಳಾದವು. ಮಾಮಿ ಸೇಲಂ ಕಡೆಯ ಕನ್ನಡದವರು. ನಾನು ಕೋಲಾರದ ಕಡೆಯವನು, ಫಿಸಿಕ್ಸ್ ಪಾಠ ಹೇಳಿಕೊಂಡು ಈ ಊರಿಗೆ ಬಂದು ಇಲ್ಲೇ ನೆಲೆ ನಿಂತವನು. ಅವರ ಕನ್ನಡದಲ್ಲಿ ತಮಿಳು ಬೆರೆತಿದೆ, ನನ್ನದರಲ್ಲಿ ತೆಲುಗು. ಗೋಡೆಯ ಈ ಕಡೆ ಆ ಕಡೆ ನಿಂತು ಮಾತಾಡುವುದಕ್ಕೆ ಎಂದೂ ತೊಂದರೆಯಾಗಿಲ್ಲ.

ಹುಡುಗ ನೋಟ್‌ಬುಕ್ಕನ್ನು ಗೋಡೆಯ ಮೇಲಿಟ್ಟ. ಹನ್ನೊಂದನೇ ಕ್ಲಾಸು. ಲೆಕ್ಕ ನಿಮಗೆಲ್ಲ ಗೊತ್ತಿರುವುದೇ. ಬಾವಿಗೆ ಒಂದು ಕಲ್ಲು ಬಿಟ್ಟರು. ನಾಲ್ಕು ಸೆಕೆಂಡ್ ಆದಮೇಲೆ ಅದು ನೀರಿಗೆ ಬಿದ್ದ ಸದ್ದು ಕೇಳಿಸಿತು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ನೀರು ಎಷ್ಟು ಆಳದಲ್ಲಿದೆ? ಹುಡುಗ ವರ್ಗ ಸಮೀಕರಣ ಮಾಡಿ, ಸೂತ್ರ ಹಾಕಿ, ಉತ್ತರ ತೆಗೆದಿದ್ದ. ಎರಡು ಬಂದಿದ್ದವು. ಒಂದು 70.5 ಮೀಟರ್. ಇನ್ನೊಂದು 26,241 ಮೀಟರ್. ಎರಡನೆಯದರ ಮೇಲೆ ಕೆಂಪು ಗೀಟು ಎಳೆದು "ಅಸಾಧ್ಯ" ಅಂತ ಬರೆದಿದ್ದ. ಆಮೇಲೆ ಆ "ಅಸಾಧ್ಯ"ದ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನೆ ಚಿಹ್ನೆ.

"ಉತ್ತರ ಬಂದಿದೆಯಲ್ಲೋ. ಇನ್ನೇನು?"

"ಬಂದಿದೆ ತಾತ. ಆದ್ರೆ ಈ ಇಪ್ಪತ್ತಾರು ಕಿಲೋಮೀಟರ್ ಎಲ್ಲಿಂದ ಬಂತು? ಕೋಚಿಂಗ್‌ನಲ್ಲಿ ಕೇಳಿದ್ರೆ 'ದೊಡ್ಡದನ್ನ ಬಿಟ್ಬಿಡು' ಅಂದ್ರು. ನಾನು ಎಲ್ಲೂ ತಪ್ಪು ಮಾಡಿಲ್ಲ. ತಪ್ಪು ಮಾಡದೆ ತಪ್ಪು ಉತ್ತರ ಹೇಗೆ ಬರುತ್ತೆ?"

ನನಗೆ ನಿಜಕ್ಕೂ ಸಂತೋಷವಾಯಿತು. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಈ ಪ್ರಶ್ನೆಯನ್ನು ತಾನಾಗಿ ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉತ್ತರ ಆಗಲೇ ಹೇಳಿಬಿಡಬೇಕು ಅನ್ನಿಸಿದರೂ ತಡೆದುಕೊಂಡೆ. "ಅದಕ್ಕೆ ಬರೋಣ. ಮೊದಲು ನಿನ್ನ ಎಪ್ಪತ್ತೂವರೆ ಮೀಟರ್ ಎಷ್ಟು ಗಟ್ಟಿ ಅಂತ ನೋಡೋಣ. ಸೂತ್ರ ಪಕ್ಕಕ್ಕಿಡು. ಸದ್ದನ್ನೇ ಮರೆತುಬಿಡು. ನಾಲ್ಕು ಸೆಕೆಂಡೂ ಕಲ್ಲು ಬೀಳೋದಕ್ಕೇ ಹೋಯ್ತು ಅಂದ್ಕೋ. ಎಷ್ಟಾಗುತ್ತೆ?"

"4.9 ಸಲ ಹದಿನಾರು. 78.4."

"78.4 ಮೀಟರ್ ಹತ್ತಿ ಬರೋಕೆ ಸದ್ದಿಗೆ ಎಷ್ಟು ಹೊತ್ತು?"

"0.23 ಸೆಕೆಂಡ್."

"ಅದನ್ನ ನಾಲ್ಕರಲ್ಲಿ ಕಳೆ. ಉಳಿದ 3.77 ಕಲ್ಲಿನ ಪಾಲು. ಮತ್ತೆ ಆಳ ತೆಗೆ."

69.6 ಬಂತು. ಆ ಆಳಕ್ಕೆ ಸದ್ದಿನ ಹೊತ್ತು ತೆಗೆದು, ಮತ್ತೆ ಕಳೆದು, ಮತ್ತೆ ಮಾಡಿದ: 70.6. ಇನ್ನೊಂದು ಸಲ: 70.5. ಅಲ್ಲಿಗೆ ನಿಂತಿತು. ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ, ಎರಡೂ ಕಡೆಯಿಂದ ಒತ್ತರಿಸಿಕೊಂಡು ಬಂದು ಒಂದೇ ಕಡೆ ಸೇರಿತು.

ಕರಿಬೇವು ಬಿಡಿಸುತ್ತಾ ಕೇಳುತ್ತಿದ್ದ ಮಾಮಿ, "ಇದು ಸಾರಿಗೆ ಉಪ್ಪು ನೋಡಿದ ಹಾಗಾಯ್ತು" ಅಂದರು. ಅದೇ ಮತ್ತೆ. ವರ್ಗ ಸಮೀಕರಣದ ದಾರಿ ತಪ್ಪಲ್ಲ, ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ. ಆದರೆ ನನಗೆ ಈ ತಿದ್ದುತ್ತಾ ಹೋಗುವ ದಾರಿಯೇ ಇಷ್ಟ. ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ಇದು ಹೆಜ್ಜೆಹೆಜ್ಜೆಗೆ ತೋರಿಸಿಕೊಡುತ್ತದೆ. ಮೊದಲ ಊಹೆಯಲ್ಲಿ ತಪ್ಪು ಎಂಟು ಮೀಟರ್ ಹತ್ತಿರ, ಮುಂದಿನದರಲ್ಲಿ ಒಂದು ಮೀಟರಿಗೂ ಕಮ್ಮಿ, ಅದರ ಮುಂದಿನದರಲ್ಲಿ ಹತ್ತು ಸೆಂಟಿಮೀಟರ್. ಪ್ರತಿ ಸಲವೂ ತಪ್ಪು ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂಬತ್ತೇ ಯಾಕೆ? ನೀರು ಮುಟ್ಟುವ ಹೊತ್ತಿಗೆ ಕಲ್ಲಿನ ವೇಗ ಸೆಕೆಂಡಿಗೆ 37 ಮೀಟರ್, ಸದ್ದಿನದು 340. ಒಂದಕ್ಕೆ ಒಂಬತ್ತು. ಸೂತ್ರಕ್ಕೆ ಅಂಕಿ ತುಂಬಿಸಿದರೆ ಇದು ಕಣ್ಣಿಗೇ ಬೀಳುವುದಿಲ್ಲ.

"ಎಪ್ಪತ್ತು ಮೀಟರ್ ಬಾವಿ ನಮ್ಮೂರಲ್ಲಿ ಎಲ್ಲಿದೆ ಮೇಷ್ಟ್ರೇ?" ಅಂದರು ಮಾಮಿ. ಇಲ್ಲ. ಕಪಾಲೀಶ್ವರನ ಗುಡಿಯ ದೊಡ್ಡ ಗೋಪುರ 120 ಅಡಿ, ಅಂದರೆ 37 ಮೀಟರ್ ಹತ್ತಿರ. ಅಂಥ ಎರಡು ಗೋಪುರ ಒಂದರ ಕೆಳಗೊಂದು ನೆಲದೊಳಕ್ಕೆ ಇಳಿಸಿದಷ್ಟು ಆಳ ಅದು. ಸಮುದ್ರದ ಪಕ್ಕದ ಮರಳು ನೆಲ ನಮ್ಮದು, ಇಲ್ಲಿ ನೀರು ಅಷ್ಟು ಕೆಳಗೆ ಇರುವುದಿಲ್ಲ. ಮಾಮಿಯ ಹಿತ್ತಲ ಬಾವಿಯಲ್ಲಿ ಕಡುಬೇಸಿಗೆಯಲ್ಲೂ ಬಗ್ಗಿದರೆ ನಮ್ಮ ಮುಖ ಕಾಣುತ್ತದೆ.

"ಹಾಗಾದ್ರೆ ಈ ಬಾವೀನೇ ಅಳೆಯೋಣ" ಅಂದ ಹುಡುಗ. ನಾನು ಗೋಡೆ ಸುತ್ತಿ ಗೇಟಿನಿಂದ ಒಳಗೆ ಹೋದೆ.

ಚಿಕ್ಕಂದಿನಲ್ಲಿ ನಮ್ಮೂರ ಬಾವಿಗೆ ಕಲ್ಲು ಹಾಕಿ "ಒಂದು, ಎರಡು" ಅಂತ ಎಣಿಸುತ್ತಿದ್ದೆವು. ಬಯಲುಸೀಮೆಯ ಬಾವಿ, ಎರಡು ಮುಗಿಯುವುದರೊಳಗೆ ಡುಬುಕ್ ಎನ್ನುತ್ತಿತ್ತು. ಅಜ್ಜಿ ಬೈಯುತ್ತಿದ್ದರು, ಊರ ಮಕ್ಕಳೆಲ್ಲ ಒಂದೊಂದು ಹಾಕಿದರೆ ಬಾವಿಯೇ ತುಂಬಿಹೋಗುತ್ತದೆ ಅಂತ. ಆ ಎಣಿಕೆಯಿಂದ ಆಳ ಹೇಳಹೊರಟರೆ ಮೋಸಹೋಗುತ್ತೇವೆ. ಸದ್ದು ಕೇಳಿ ಗುಂಡಿ ಒತ್ತುವುದಕ್ಕೆ ಮನುಷ್ಯನ ಬೆರಳಿಗೆ ಸೆಕೆಂಡಿನ ಐದನೇ ಒಂದು ಪಾಲು ಬೇಕು. ನಾಲ್ಕು ಸೆಕೆಂಡಿನ ಬಾವಿಯಲ್ಲಿ ಅಷ್ಟರಿಂದಲೇ ಆರೇಳು ಮೀಟರ್ ವ್ಯತ್ಯಾಸ ಬರುತ್ತದೆ. ಸದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಗುವ ತಪ್ಪೂ ಹೆಚ್ಚುಕಮ್ಮಿ ಅಷ್ಟೇ. ಸದ್ದಿಗೆ ಬೆಲೆ ಕೊಟ್ಟು ಬೆರಳನ್ನು ಮರೆತರೆ ಏನು ಬಂತು?

ಅದಕ್ಕೆ ಹುಡುಗ ಫೋನು ತಂದ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ. ಅದರಲ್ಲಿ ಕಿವಿಯಿಂದಲೇ ನಡೆಯುವ ಗಡಿಯಾರವೊಂದಿದೆ, ಒಂದು ಸದ್ದಿಗೆ ಶುರುವಾಗಿ ಮುಂದಿನ ಸದ್ದಿಗೆ ನಿಲ್ಲುತ್ತದೆ. ಬೆರಳಿನ ಹಂಗಿಲ್ಲ. ಬಿಡುವಾಗ ಸದ್ದಾಗಬೇಕಲ್ಲ, ಅದಕ್ಕೆ ಬಲೂನು. ಊದಿದ ಬಲೂನಿಗೆ ದಾರದಲ್ಲಿ ಕಲ್ಲು ಕಟ್ಟಿ, ಬಲೂನು ಹಿಡಿದುಕೊಂಡು ಕಲ್ಲನ್ನು ಬಾವಿಯ ನಡುವಿಗೆ ತೂಗುಬಿಟ್ಟು, ಪಿನ್ನಿನಿಂದ ಚುಚ್ಚುವುದು. ಠಪ್ ಅಂದ ಗಳಿಗೆಗೇ ಕಲ್ಲು ಬಿಡುಗಡೆ. ಮಾಮಿ ಮೂರು ಕಲ್ಲನ್ನೂ ತೊಳೆದು ಕೊಟ್ಟರು, ಅದು ಅವರ ಷರತ್ತು. ಬಾವಿಕಟ್ಟೆಯ ಮೇಲೆ ಫೋನಿಟ್ಟು, ಪಕ್ಕದ ಮನೆಯ ಮೋಟರ್ ನಿಲ್ಲುವ ತನಕ ಕಾದೆವು. ಮೊದಲ ಠಪ್‌ಗೆ ಮಾವಿನಮರದ ಕಾಗೆಗಳೆಲ್ಲ ಎದ್ದವು. 1.11 ಸೆಕೆಂಡ್. ಎರಡನೆಯದು 1.09. ಮೂರನೆಯದು 1.10.

ಸದ್ದು ಬಿಟ್ಟು ಲೆಕ್ಕ ಹಾಕಿದರೆ 5.93 ಮೀಟರ್. ಸದ್ದು ಸೇರಿಸಿದರೆ 5.75.

ಮಾಮಿ ಇದಕ್ಕೆಲ್ಲ ಕಾಯಲಿಲ್ಲ. ಬಾವಿಯ ಹಗ್ಗಕ್ಕೆ ಚೊಂಬು ಕಟ್ಟಿ ಇಳಿಬಿಟ್ಟು, ಚೊಂಬಿನ ತಳ ನೀರು ಮುಟ್ಟಿದ್ದನ್ನು ಕೈಯಲ್ಲೇ ತಿಳಿದು, ಕಲ್ಲು ತೂಗಿದ್ದ ಮಟ್ಟಕ್ಕೆ ಹಗ್ಗಕ್ಕೆ ಗಂಟು ಹಾಕಿ, ಮೇಲೆಳೆದು ಮೊಳ ಹಾಕಿದರು. ಹದಿಮೂರು ಮೊಳ. ಹುಡುಗ ಅದೇ ಹಗ್ಗಕ್ಕೆ ಟೇಪು ಹಿಡಿದ. ಐದು ಮೀಟರ್ ಎಪ್ಪತ್ತನಾಲ್ಕು ಸೆಂಟಿಮೀಟರ್.

ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಸದ್ದು ತಳದಿಂದ ಮೇಲೆ ಬರುವುದಕ್ಕೆ ತೆಗೆದುಕೊಂಡದ್ದು ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲು, ಯಾವ ಕಿವಿಗೂ ಗೊತ್ತಾಗದಷ್ಟು. ಆದರೆ ಅದನ್ನು ಬಿಟ್ಟರೆ ಬಾವಿ ಹದಿನೆಂಟು ಸೆಂಟಿಮೀಟರ್ ಹೆಚ್ಚು ಆಳ ಕಾಣುತ್ತದೆ, ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಮೂರು ಸಲದ ಅಳತೆಯಲ್ಲೇ ಮೇಲೆ ಹತ್ತು, ಕೆಳಗೆ ಹತ್ತು ಸೆಂಟಿಮೀಟರ್ ಓಲಾಡುತ್ತಿತ್ತು, ಅದನ್ನು ಮುಚ್ಚಿಡಬಾರದು. ಆದರೂ 5.93 ಖಂಡಿತ ಸರಿಯಲ್ಲ ಅನ್ನುವುದಕ್ಕೆ ಮಾಮಿಯ ಹಗ್ಗ ಸಾಕ್ಷಿಯಾಯಿತು.

ಆಳ ಹೆಚ್ಚಾದಷ್ಟೂ ಈ ಗೇಣು ಬೆಳೆಯುತ್ತದೆ. ನಮ್ಮ ಬಾವಿಯಲ್ಲಿ ನೂರಕ್ಕೆ ಮೂರು ಪಾಲು, ಪುಸ್ತಕದ ಬಾವಿಯಲ್ಲಿ ಹನ್ನೊಂದು. ಜೋಗದ ರಾಜಾ 830 ಅಡಿ, 253 ಮೀಟರ್. ಅಲ್ಲಿ ಕಲ್ಲಿಗೆ 7.2 ಸೆಕೆಂಡ್, ಸದ್ದಿಗೆ ಮುಕ್ಕಾಲು ಸೆಕೆಂಡ್. ಸದ್ದನ್ನು ಮರೆತರೆ ಜೋಗ 308 ಮೀಟರ್ ಆಗಿಬಿಡುತ್ತದೆ. ಆದರೆ ಅಷ್ಟು ಎತ್ತರದಿಂದ ಬೀಳುವ ಕಲ್ಲನ್ನು ಗಾಳಿ ಚೆನ್ನಾಗಿಯೇ ತಡೆಯುತ್ತದೆ. ಎಪ್ಪತ್ತು ಮೀಟರಿನಲ್ಲೇ ಮುಷ್ಟಿಗಾತ್ರದ ಕಲ್ಲಿಗೆ ಮೂರು ನಾಲ್ಕು ಮೀಟರ್ ವ್ಯತ್ಯಾಸ. ಪುಸ್ತಕದವರು "ಗಾಳಿಯ ತಡೆ ಲೆಕ್ಕಕ್ಕಿಲ್ಲ" ಅಂತ ಒಂದು ಸಾಲಿನಲ್ಲಿ ಅದನ್ನು ದಾಟಿಬಿಡುತ್ತಾರೆ.

"ಮತ್ತೆ ಆ 340 ಎಲ್ಲಿಯದು ತಾತ? ಫೋನಿನ ಲೆಕ್ಕಕ್ಕೆ ನೀವು 345 ಹಾಕಿದ್ರಿ" ಅಂದ ಹುಡುಗ. ಅವನ ಕಣ್ಣಿಗೆ ಏನೂ ತಪ್ಪುವುದಿಲ್ಲ. 340 ಸುಮಾರು 15 ಡಿಗ್ರಿ ಗಾಳಿಯ ವೇಗ. ಮಾರ್ಗಳಿಯ ಬೆಳಗಿನಲ್ಲೂ ಮೈಲಾಪೂರಿನಲ್ಲಿ ಆ ಚಳಿ ನಾನಂತೂ ನೋಡಿಲ್ಲ. ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. ಮೇ ತಿಂಗಳ 40 ಡಿಗ್ರಿಯಲ್ಲಿ 355 ಆಗುತ್ತದೆ. ಬಾವಿಯೊಳಗೆ ತಂಪು, ಅದಕ್ಕೆ 345.

ಶಾಖ ಏರಿದರೆ ಸದ್ದಿನ ವೇಗವೂ ಏರುವುದನ್ನು ಲೋಕಕ್ಕೆ ಸಾವಧಾನವಾಗಿ ಅಳೆದು ತೋರಿಸಿದ ಊರುಗಳಲ್ಲಿ ಮದ್ರಾಸೂ ಒಂದು ಅನ್ನುವುದನ್ನು ಈ ಊರಿನ ಪ್ರತಿಯೊಂದು ಮಗುವಿಗೂ ಹೇಳಬೇಕು. ದಿನವೂ ಹವಾ ವರ್ತಮಾನದಲ್ಲಿ "ನುಂಗಂಬಾಕ್ಕಂ ಇಷ್ಟು ಡಿಗ್ರಿ, ಮೀನಂಬಾಕ್ಕಂ ಇಷ್ಟು ಡಿಗ್ರಿ" ಅನ್ನುತ್ತಾರಲ್ಲ, ಆ ನುಂಗಂಬಾಕ್ಕಂ ಆವರಣದಲ್ಲೇ ಕಂಪನಿ ಸರ್ಕಾರದ ಖಗೋಳ ವೀಕ್ಷಣಾಲಯವಿತ್ತು. 1792ರಲ್ಲಿ ನಿಲ್ಲಿಸಿದ ಅದರ ಕಲ್ಲಿನ ಕಂಬ ಇನ್ನೂ ಅಲ್ಲಿದೆ. ಜಾನ್ ಗೋಲ್ಡಿಂಗ್‌ಹ್ಯಾಮ್ ಅಂತ ಅಲ್ಲಿನ ಖಗೋಳಜ್ಞ. ಸಂತ ಜಾರ್ಜ್ ಕೋಟೆಯ ಮೇಲೂ ಪರಂಗಿಮಲೆಯ ದಂಡಿನಲ್ಲೂ ಬೆಳಿಗ್ಗೆ ಸಂಜೆ ತೋಪು ಹಾರಿಸುತ್ತಿದ್ದರು. ವೀಕ್ಷಣಾಲಯದಿಂದ ಕೋಟೆ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಪರಂಗಿಮಲೆ ಒಂಬತ್ತು. 1820, 1821ರಲ್ಲಿ ಈ ಮನುಷ್ಯ ತಿಂಗಳುಗಟ್ಟಲೆ, ಋತುಋತುವಿಗೆ, ನೂರಾರು ತೋಪುಗಳ ಮಿಂಚಿಗೂ ಸದ್ದಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿದರು. ಕೋಟೆಯ ತೋಪಿಗೆ ಹನ್ನೆರಡು ಸೆಕೆಂಡ್, ಮಲೆಯ ತೋಪಿಗೆ ಇಪ್ಪತ್ತಾರು ಅಂದುಕೊಳ್ಳಿ. ಜೊತೆಗೆ ಆ ಹೊತ್ತಿನ ಶಾಖ, ಗಾಳಿಯ ಒತ್ತಡ, ತೇವ, ಗಾಳಿ ಬೀಸುವ ದಿಕ್ಕು ಎಲ್ಲ ಬರೆದಿಟ್ಟರು. ತಂಪು ತಿಂಗಳುಗಳಿಗಿಂತ ಬೇಸಿಗೆಯ ತಿಂಗಳುಗಳಲ್ಲಿ ಸದ್ದು ಬೇಗ ಬಂದದ್ದು ಕಂಡಿತು. 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅದನ್ನು ಅಚ್ಚುಹಾಕಿತು.

ಆ ಕಾಲಕ್ಕೆ ಇದು ಸಣ್ಣ ವಿಷಯವಾಗಿರಲಿಲ್ಲ. ನ್ಯೂಟನ್ ಲೆಕ್ಕದಿಂದ ತೆಗೆದ ಸದ್ದಿನ ವೇಗ ನಿಜಕ್ಕಿಂತ ಆರರಲ್ಲಿ ಒಂದು ಪಾಲು ಕಮ್ಮಿ ಬಂದಿತ್ತು. ಸದ್ದು ಹಾಯುವಾಗ ಗಾಳಿ ಒತ್ತಿಕೊಂಡ ಕಡೆ ಬಿಸಿಯಾಗುತ್ತದೆ, ಆ ಬಿಸಿ ಆರುವುದಕ್ಕೆ ಪುರುಸೊತ್ತಿರುವುದಿಲ್ಲ ಅಂತ ಲಾಪ್ಲಾಸ್ 1816ರಲ್ಲಿ ಅದನ್ನು ಸರಿಪಡಿಸಿದ್ದರು. ಅಳತೆ ಬೇಕಾಗಿತ್ತು, ಬಿಸಿ ದೇಶದ ಅಳತೆ ಇನ್ನೂ ಬೇಕಾಗಿತ್ತು. ಬೆರಳಿನ ತಪ್ಪಿಗೆ ಗೋಲ್ಡಿಂಗ್‌ಹ್ಯಾಮ್ ಕಂಡುಕೊಂಡ ಮದ್ದು ಎರಡು: ದೂರ ಹೆಚ್ಚಿಸು, ಮತ್ತೆ ಮತ್ತೆ ಮಾಡು. ಇಪ್ಪತ್ತಾರು ಸೆಕೆಂಡಿನಲ್ಲಿ ಐದನೇ ಒಂದು ಸೆಕೆಂಡ್ ಅಷ್ಟೇನೂ ಕೆಡಿಸುವುದಿಲ್ಲ.

"ಆ ತೋಪು ನಮ್ಮ ಮೈಲಾಪೂರಿಗೂ ಕೇಳಿಸಿರಬೇಕಲ್ಲ" ಅಂದರು ಮಾಮಿ. ಕೋಟೆಯಿಂದ ಇಲ್ಲಿಗೆ ಐದು ಕಿಲೋಮೀಟರ್ ಚಿಲ್ಲರೆ. ಕೇಳಿಸಿದ್ದರೆ ಹಾರಿದ ಹದಿನೈದು ಸೆಕೆಂಡಿಗೆ. ಮಾಮಿಗೆ ಇದು ಬೇಗ ಹಿಡಿಸಿತು. ಪಂಗುಣಿ ಉತ್ಸವದಲ್ಲಿ ಮಾಡಬೀದಿಯ ಆ ತುದಿಯಲ್ಲಿ ತವಿಲ್ ಬಾರಿಸುವವನ ಕೈ ಮೊದಲು ಏಳುತ್ತದೆ, ಪೆಟ್ಟು ಆಮೇಲೆ ಬರುತ್ತದೆ, ಮಾಳಿಗೆ ಮೇಲಿಂದ ನೋಡುವಾಗೆಲ್ಲ ಕಣ್ಣು ಮಂಜಾಯಿತೇನೋ ಅಂದುಕೊಳ್ಳುತ್ತಿದ್ದರಂತೆ. ನೂರು ಮೀಟರಿಗೆ ಸೆಕೆಂಡಿನ ಕಾಲುಭಾಗಕ್ಕಿಂತ ಹೆಚ್ಚು. ಯಾರಿಗಾದರೂ ಕಾಣುತ್ತದೆ.

ಇಷ್ಟೆಲ್ಲ ಆಗುವ ಹೊತ್ತಿಗೆ ಬಿಸಿಲು ಬಾವಿಕಟ್ಟೆಗೆ ಬಂದಿತ್ತು. ಹುಡುಗ ನೋಟ್‌ಬುಕ್ ಮತ್ತೆ ತೆರೆದ. "ಈಗ ಇಪ್ಪತ್ತಾರು ಕಿಲೋಮೀಟರ್."

ಮನುಷ್ಯ ಅಷ್ಟು ಆಳ ಎಲ್ಲೂ ಇಳಿದಿಲ್ಲ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿತ್ತು. ಅಲ್ಲಿಂದ ಸದ್ದೊಂದೇ ನೇರವಾಗಿ ಮೇಲೆ ಬರಬೇಕೆಂದರೂ ಒಂಬತ್ತು ಸೆಕೆಂಡ್ ಬೇಕು. (ಅಂಥ ಆಳಕ್ಕೆ ಬಿಟ್ಟ ಕಲ್ಲು ನೇರವಾಗಿಯೂ ಬೀಳುವುದಿಲ್ಲ. ಗಾಳಿಯ ತಡೆ ಇಲ್ಲ ಅಂದುಕೊಂಡರೂ ಒಂದು ಕಿಲೋಮೀಟರ್ ಇಳಿಯುವುದರಲ್ಲಿ ಭೂಮಿ ತಿರುಗುವುದರಿಂದ ಎರಡು ಅಡಿಗೂ ಹೆಚ್ಚು ಮೂಡಲಿಗೆ ಸರಿದಿರುತ್ತದೆ. ಇದನ್ನು ಹುಡುಗನಿಗೆ ಇನ್ನೊಂದು ದಿನ ಹೇಳಬೇಕು.) ರಷ್ಯಾದ ಕೋಲಾದಲ್ಲಿ ಕೊರೆದ ಕೊಳವೆ 12 ಕಿಲೋಮೀಟರಿಗೆ ನಿಂತಿತು. ಇಪ್ಪತ್ತಾರರ ಬಾವಿ ಲೆಕ್ಕದಲ್ಲಿ ಮಾತ್ರ ಇದೆ.

"ನೀನು ಸಮೀಕರಣಕ್ಕೆ ಏನು ಹೇಳಿದೆ, ಯೋಚನೆ ಮಾಡು" ಅಂದೆ. "ಸೊನ್ನೆ ಹೊತ್ತಿನಲ್ಲಿ ಕಲ್ಲು ಬಾವಿಯ ಬಾಯಲ್ಲಿದೆ. ಆಗ ಅದರ ವೇಗ ಸೊನ್ನೆ. ಭೂಮಿ ಅದನ್ನ ಕೆಳಕ್ಕೆ ಎಳೀತಾ ಇದೆ. ಅಷ್ಟೇ ತಾನೇ? ಅದಕ್ಕೆ ಮುಂಚೆ ಕಲ್ಲು ನಿನ್ನ ಕೈಯಲ್ಲಿತ್ತು ಅಂತ ಹೇಳಿದ್ಯಾ?"

"ಇಲ್ಲ."

"ಸಮೀಕರಣಕ್ಕೆ ಕೈ ಗೊತ್ತಿಲ್ಲ. ಸೊನ್ನೆಗೆ ಮುಂಚೇನೂ ಕಲ್ಲು ಅದೇ ದಾರಿಯಲ್ಲಿ ಇತ್ತು ಅಂದ್ಕೊಂಡಿದೆ. ಆ ಗಳಿಗೆಯಲ್ಲಿ ನಿಂತಿದ್ದು, ಆಮೇಲೆ ಕೆಳಗೆ ಹೋಗೋ ಕಲ್ಲು, ಅದಕ್ಕೆ ಮುಂಚೆ ಏನು ಮಾಡ್ತಾ ಇತ್ತು?"

ಹುಡುಗ ಕೈಯಲ್ಲಿದ್ದ ಪೆನ್ಸಿಲನ್ನು ಮೇಲಕ್ಕೆ ಚಿಮ್ಮಿಸಿ ಹಿಡಿದ. ಇನ್ನೊಂದು ಸಲ ಚಿಮ್ಮಿಸಿದ. "ಮೇಲಕ್ಕೆ ಬರ್ತಾ ಇತ್ತು."

"ಬರ್ಕೊ. ಇಪ್ಪತ್ತಾರು ಕಿಲೋಮೀಟರಿಗೆ ಕಲ್ಲಿನ ಹೊತ್ತು ಎಷ್ಟು ಬರುತ್ತೆ?"

73.2 ಸೆಕೆಂಡ್ ಬಂತು. ಸದ್ದಿಗೆ 77.2. ಎರಡನ್ನೂ ಕೂಡಿಸಿದರೆ ನಾಲ್ಕಾಗುವುದಿಲ್ಲ. ಒಂದರಲ್ಲಿ ಒಂದು ಕಳೆದರೆ ನಾಲ್ಕು. ನಾಲ್ಕರಲ್ಲಿ ಸದ್ದಿನ ಹೊತ್ತು ಕಳೆದು ಉಳಿದದ್ದನ್ನು ಅವನು ವರ್ಗ ಮಾಡಿದ್ದನಲ್ಲ, ಆ ಮೆಟ್ಟಿಲಲ್ಲೇ ಕಲ್ಲಿನ ಹೊತ್ತಿನ ಹಿಂದಿದ್ದ ಋಣ ಚಿಹ್ನೆ ಅಳಿಸಿಹೋಗಿತ್ತು. ಸೊನ್ನೆಗೆ 73.2 ಸೆಕೆಂಡ್ ಮುಂಚೆ, ಇಪ್ಪತ್ತಾರು ಕಿಲೋಮೀಟರ್ ಕೆಳಗಿನಿಂದ ಯಾರೋ ಕಲ್ಲೊಂದನ್ನು ಮೇಲಕ್ಕೆ ಎಸೆಯುತ್ತಾರೆ. ಎಸೆದ ಸದ್ದೂ ಅದೇ ಗಳಿಗೆಗೆ ಹೊರಡುತ್ತದೆ. ಕಲ್ಲು ಹೊರಟ ವೇಗ ಸೆಕೆಂಡಿಗೆ 717 ಮೀಟರ್, ಸದ್ದಿನ ಎರಡರಷ್ಟು. ಮೊದಲು ತನ್ನ ಸದ್ದನ್ನೇ ಹಿಂದೆ ಹಾಕಿ, ಬರಬರುತ್ತಾ ನಿಧಾನವಾಗಿ, ಬಾವಿಯ ಬಾಯಿಗೆ ಬಂದು ಸರಿಯಾಗಿ ಒಂದು ಗಳಿಗೆ ನಿಂತು, ತಿರುಗಿ ಇಳಿಯುತ್ತದೆ. ಸದ್ದು ಹಿಂದಿನಿಂದ ಬರುತ್ತಾ ಇರುತ್ತದೆ. ಕಲ್ಲು ಮೇಲೆ ನಿಂತ ಗಳಿಗೆಯಿಂದ ಎಣಿಸಿದರೆ ನಾಲ್ಕು ಸೆಕೆಂಡಿಗೆ, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲದೆ, ತಳದ ಸದ್ದು ಕಿವಿಗೆ ಮುಟ್ಟುತ್ತದೆ.

ಲೆಕ್ಕ ಕೇಳಿದ್ದೂ ಅದನ್ನೇ. ಕಲ್ಲು ಮೇಲಿದ್ದ ಹೊತ್ತಿನಿಂದ ನಾಲ್ಕು ಸೆಕೆಂಡಿಗೆ ತಳದ ಸದ್ದು. ಹುಡುಗ ಎಲ್ಲೂ ತಪ್ಪಿರಲಿಲ್ಲ, ಸಮೀಕರಣವೂ ತಪ್ಪಿರಲಿಲ್ಲ. "ಬಿಟ್ಟರು" ಎನ್ನುವ ಒಂದು ಪದ ಅದರೊಳಕ್ಕೆ ಹೋಗಿರಲಿಲ್ಲ. ದೊಡ್ಡದನ್ನು ಬಿಟ್ಟುಬಿಡು ಅಂತ ಹೇಳಿಕೊಡುವವರ ಮೇಲೆ ನನಗೆ ಕೋಪವಿದೆ. ಬಿಡುವುದು ಸರಿ, ಯಾಕೆ ಬಿಡುತ್ತೇವೆ ಅಂತ ಹೇಳುವುದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷ ಮಕ್ಕಳಿಗೆ ಸಲ್ಲಬೇಕಾದದ್ದು.

ಹುಡುಗ "ಅಸಾಧ್ಯ"ವನ್ನು ಅಳಿಸಿದ. ಬದಲಿಗೆ "ಬೇರೆ ಕಲ್ಲು" ಅಂತ ಬರೆದ. ನಾನಾಗಿದ್ದರೆ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಮಾಮಿ ಅಷ್ಟರಲ್ಲಿ ಕಾಫಿ ತಂದಿದ್ದರು. ಕುಡಿದು ಮುಗಿಯುತ್ತಲೇ ಉಗ್ರಾಣದಿಂದ ಪಾತಾಳಗರಡಿ ತಂದು ಮೊಮ್ಮಗನ ಕೈಗೆ ಕೊಟ್ಟು, ಬಲೂನಿನ ಚೂರು, ದಾರ ಏನೇನು ನೀರಿಗೆ ಬಿದ್ದಿದೆಯೋ ಅಷ್ಟೂ ಮೇಲೆ ಬರಬೇಕು ಅಂದರು. ಅವನು ಕೊಕ್ಕೆಗಳನ್ನು ನೀರಿಗಿಳಿಸಿ ಮೆಲ್ಲಗೆ ತಿರುಗಿಸುತ್ತಾ ಕೇಳಿದ: "ಐಪ್ಪಸಿ ಮಳೆ ಆದ್ಮೇಲೆ ನೀರು ಎಷ್ಟು ಮೇಲೆ ಬರುತ್ತೆ ಅಜ್ಜಿ?"

"ಮಳೆ ಚೆನ್ನಾಗಿ ಆದ್ರೆ ಇಲ್ಲೀ ತನಕ" ಅಂತ ಮಾಮಿ ಬಾವಿಯೊಳಗಿನ ಒಂದು ರಿಂಗನ್ನು ತೋರಿಸಿದರು. ಅಲ್ಲಿಗೆ ಮೂರು ಮೀಟರ್ ಇರಬಹುದು, ಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಹುಡುಗ ಸೀಮೆಸುಣ್ಣ ತಂದು ಬಾವಿಕಟ್ಟೆಯ ಒಳಮೈಗೆ, ಬಿಸಿಲು ಮಳೆ ತಾಗದ ಕಡೆ, "ಮೇ, 1.10" ಅಂತ ಬರೆದ. ಅದರ ಕೆಳಗೆ "ನವೆಂಬರ್" ಅಂತ ಬರೆದು ಮುಂದೆ ಜಾಗ ಬಿಟ್ಟ.